ಸಿರಪ್ ಕೆಳಗಿಡು, ಮೊದಲು ಮೂಗು ತೊಳಿ

ತಮ್ಮಾ, ದಿಂಬಿಗೆ ತಲೆ ಕೊಟ್ಟ ಕೂಡಲೇ ಶುರುವಾಗಿ, ಬೆಳಿಗ್ಗೆ ಎದ್ದು ಎರಡು ಸಲ ಖ್ಯಾಕರಿಸಿ ಉಗುಳುವವರೆಗೂ ಬಿಡದ ಕೆಮ್ಮು ನಿನ್ನದು. ಎದೆಗೆ ಸ್ಟೆತಸ್ಕೋಪ್ ಇಟ್ಟವರು ಎದೆ ಸ್ವಚ್ಛ ಇದೆ ಅಂದಾಯ್ತು, ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಆದರೂ ನಿನ್ನ ಹಣ್ಣುಕಾಯಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಸಿರಪ್ ಬಾಟಲಿಗಳು ಸಾಲುಗಟ್ಟಿವೆ. ಒಂದು ಕೆಂಪು, ಒಂದು ಹಸಿರು, ಒಂದು ಕಪ್ಪಗೆ ಜೇನಿನ ಥರ. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿ ಹಿಂದೆ ನಿಂತು ತಲೆ ನರೆಸಿಕೊಂಡವನು ನಾನು. ಡಾಕ್ಟರ್ ಅಲ್ಲ, ಆದರೆ ಯಾವ ಬಾಟಲಿ ಯಾಕೆ ಕೆಲಸ ಮಾಡೋದಿಲ್ಲ ಅನ್ನೋದು ಒಂದಿಷ್ಟು ಗೊತ್ತು. ನಿನ್ನ ಕೆಮ್ಮು ಎದೆಯದಲ್ಲ ಕಣಪ್ಪ, ಮೂಗಿನದು.

ನಮ್ಮೆಲ್ಲರ ಮೂಗು, ಅದರ ಸುತ್ತಲಿನ ಮೂಳೆಯ ಪೊಳ್ಳುಗಳು ಸೇರಿ ದಿನಕ್ಕೆ ಹೆಚ್ಚುಕಮ್ಮಿ ಒಂದು ಲೀಟರ್ ಲೋಳೆ ತಯಾರಿಸುತ್ತವೆ. ಧೂಳು ಹಿಡಿಯೋದಕ್ಕೆ, ಒಳಗೆ ಹೋಗುವ ಗಾಳಿಯನ್ನು ತೇವ ಮಾಡೋದಕ್ಕೆ ಅದು ಬೇಕೇ ಬೇಕು. ಅದೆಲ್ಲ ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುತ್ತೆ, ನಮಗೆ ಗೊತ್ತೇ ಆಗದ ಹಾಗೆ ನುಂಗಿಬಿಡ್ತೀವಿ. ನೆಗಡಿಯೋ ಅಲರ್ಜಿಯೋ ಸೈನಸ್ ಸೋಂಕೋ ಬಂದಾಗ ಅದು ಜಾಸ್ತಿಯಾಗುತ್ತೆ, ಇಲ್ಲವೇ ಅಂಟಂಟಾಗುತ್ತೆ. ಆಗ ನುಂಗಿದರೂ ಹೋಗದೆ ಗಂಟಲ ಹಿಂಗೋಡೆಗೆ ಹತ್ತಿಕೊಂಡು ಧ್ವನಿಪೆಟ್ಟಿಗೆ ಹತ್ತಿರದ ನರಗಳನ್ನು ಕೆಣಕುತ್ತಾ ಇರುತ್ತೆ. ಕೆಣಕಿದಷ್ಟೂ ಕೆಮ್ಮು. ಹಗಲು ನಿಂತು ಓಡಾಡುವಾಗ ನುಂಗಿಕೊಂಡು ಹೋಗುತ್ತೆ. ಮಲಗಿದಾಗ ಅಲ್ಲೇ ನಿಲ್ಲುತ್ತೆ. ಅದಕ್ಕೇ ನಿನಗೆ ರಾತ್ರಿ ಕಾಟ.

ನೀನು ಭದ್ರಾ ಅಚ್ಚುಕಟ್ಟಿನವನು, ಒಂದು ಮಾತು ಹೇಳಿದರೆ ಸಾಕು. ಕೆಳಗಿನ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೀತಾ ಇದ್ದರೆ ಗದ್ದೆಯಲ್ಲಿ ಕೂತು ಬಕೆಟ್‌ನಿಂದ ನೀರು ಎತ್ತಿಹಾಕ್ತೀಯೋ, ಮೇಲೆ ಹೋಗಿ ತೂಬು ನೋಡ್ತೀಯೋ? ಸಿರಪ್ ಅನ್ನೋದು ಬಕೆಟ್. ಅದರಲ್ಲೂ ಕೆಮ್ಮನ್ನು ಅದುಮುವ ಸಿರಪ್ ಕುಡಿದರೆ ಒಂದೆರಡು ತಾಸು ಮಂಪರು ಬರುತ್ತೆ, ಮೇಲಿಂದ ಇಳಿಯೋದು ಇಳೀತಾನೇ ಇರುತ್ತೆ.

ಇದು ಮೂಗಿನ ಕೆಮ್ಮೇ ಅಂತ ಹೇಗೆ ಹೇಳ್ತೀಯಾ ಅಂತ ಕೇಳಬಹುದು. ನಿನ್ನನ್ನು ಮಾತಾಡಿಸುವಾಗೆಲ್ಲ ನೋಡಿದ್ದೀನಿ, ಎರಡು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ತೀಯ. ಅಂಗುಳ ತುರಿಸುತ್ತೆ ಅಂತ ನಾಲಿಗೆಯಲ್ಲಿ ಕೆರೆದುಕೊಳ್ತೀಯ. ಬೆಳಿಗ್ಗೆ ಸಾಲಾಗಿ ಸೀನು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅನ್ನೋ ಮಾತಂತೂ ಇದ್ದದ್ದೇ. ಕನ್ನಡಿ ಮುಂದೆ ನಿಂತು, ಬಾಯಿ ಅಗಲ ತೆರೆದು, ಮೊಬೈಲ್ ಟಾರ್ಚ್ ಬಿಟ್ಟು ನೋಡಿಕೋ. ಕಿರುನಾಲಿಗೆ ಹಿಂದಿನ ಗೋಡೆ ನುಣ್ಣಗೆ ಇರಬೇಕಾದ್ದು ಸಣ್ಣ ಸಣ್ಣ ಗುಳ್ಳೆಯಂತೆ ಉಬ್ಬುಬ್ಬಾಗಿ ಕಂಡರೆ, ಅದರ ಮೇಲೆ ಲೋಳೆಯ ಎಳೆ ಇಳಿದಿದ್ದರೆ, ನನ್ನ ಮಾತು ಅರ್ಧ ಖಾತ್ರಿ. ಉಳಿದರ್ಧ ಖಾತ್ರಿಯಾಗೋದು ಮೂಗಿಗೆ ಔಷಧಿ ಮಾಡಿದಾಗ ಕೆಮ್ಮು ಇಳಿದರೆ. ಡಾಕ್ಟರುಗಳೂ ಬಹುಮಟ್ಟಿಗೆ ಹೀಗೇ ಪತ್ತೆ ಮಾಡೋದು, ಇದಕ್ಕೆ ಅಂತ ಒಂದು ರಕ್ತಪರೀಕ್ಷೆ ಇಲ್ಲ. ಎಂಟು ವಾರ ದಾಟಿದ ಕೆಮ್ಮಿನಲ್ಲಿ ಎಲ್ಲ ದೇಶದಲ್ಲೂ ಪದೇ ಪದೇ ಸಿಗುವ ಕಾರಣ ಮೂರು: ಮೂಗಿನಿಂದ ಇಳಿಯುವುದು, ಆಸ್ತಮಾ, ಹೊಟ್ಟೆಯ ಹುಳಿ ಮೇಲೇರುವುದು. ಒಬ್ಬರಲ್ಲೇ ಎರಡು ಸೇರಿಕೊಂಡಿರೋದೂ ಉಂಟು.

ನಮ್ಮೂರಲ್ಲಿ ಮೂಗು ಕೆಡೋದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಅಮವಾಸ್ಯೆಗೆ ಬರುವ ಜನ ಎಷ್ಟು ಅನ್ನೋದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ವಾಹನಗಳ ಧೂಳು, ನಿನ್ನ ಅಂಗಡಿಯಲ್ಲೇ ಹಚ್ಚಿಟ್ಟ ಊದುಬತ್ತಿ, ಕರ್ಪೂರ, ಅಕ್ಕಪಕ್ಕದ ಲೋಬಾನದ ಹೊಗೆ, ಇದೆಲ್ಲದರ ನಡುವೆ ಬೆಳಗಿನ ಜಾವದಿಂದ ರಾತ್ರಿವರೆಗೆ ನೀನು ಕೂತಿರ್ತೀಯ. ಅಜ್ಜಯ್ಯನಿಗೆ ಹಚ್ಚುವ ಊದುಬತ್ತಿ ಗುಡಿಯಲ್ಲಿ ಉರಿಯಲಿ. ಗಿರಾಕಿ ಕರೆಯೋದಕ್ಕೆ ಅಂತ ನಿನ್ನ ಮೂಗಿನ ಕೆಳಗೆ ಕಟ್ಟುಗಟ್ಟಲೆ ಉರಿಸೋದನ್ನು ಇವತ್ತೇ ನಿಲ್ಲಿಸು.

ಇನ್ನು ಸುಗ್ಗಿ. ನವೆಂಬರ್ ಡಿಸೆಂಬರ್‌ನಲ್ಲಿ ಒಂದು ಸಲ, ಬೇಸಿಗೆ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್ ಮೇನಲ್ಲಿ ಇನ್ನೊಂದು ಸಲ ಭತ್ತ ಕೊಯ್ಯುವ ಮಷಿನ್ ಗದ್ದೆಗೆ ಇಳಿಯುತ್ತೆ. ಮಷಿನ್ ಹಿಂದೆ ಏಳುವ ಸುಂಕು ನೋಡಿದ್ದೀಯಲ್ಲ, ಬಿಸಿಲಿಗೆ ಹೊಳೆಯುತ್ತಾ ತೇಲಾಡುತ್ತೆ. ಕೊರಳಿಗೆ ಬಿದ್ದರೆ ತುರಿಕೆ, ಮೂಗಿಗೆ ಹೋದರೂ ಅದೇ ತುರಿಕೆ. ಆಮೇಲೆ ಹುಲ್ಲಿಗೆ ಬೆಂಕಿ ಇಡುವವರ ಹೊಗೆ. ಮೇಲಿನ ಖುಷ್ಕಿ ಊರುಗಳಲ್ಲಿ ಮೆಕ್ಕೆಜೋಳ ರಸ್ತೆ ಮೇಲೆ ಒಣಗಲು ಹಾಕಿರ್ತಾರೆ, ಬಸ್ಸು ಹೋದಾಗೆಲ್ಲ ಹೊಟ್ಟು ಏಳುತ್ತೆ. ಮಳೆ ಬಿದ್ದ ಮೇಲೆ ಬೇಲಿಸಾಲು, ರಸ್ತೆ ಬದಿ, ಖಾಲಿ ಸೈಟಿನ ತುಂಬಾ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ ಬೇರೆ. 1950ರ ದಶಕದಲ್ಲಿ ಹೊರದೇಶದ ಗೋಧಿ ಜೊತೆ ಬಂತು ಅಂತ ಹೇಳುವ ಪಾರ್ಥೇನಿಯಂ ಅದೇ. ಅದರ ಪರಾಗ ಮುಟ್ಟಿದವರಿಗೆ ಚರ್ಮದ ಕಜ್ಜಿ, ಉಸಿರಾಡಿದವರಿಗೆ ಮೂಗಿನ ಅಲರ್ಜಿ. ಚಳಿಗಾಲದ ಬೆಳಗಿನ ಜಾವ ಹೊಳೆ ಮೇಲಿನ ತಣ್ಣನೆ ಗಾಳಿಗೇ ಕೆಲವರ ಮೂಗು ಸೋರುತ್ತೆ. ಅವರಿಗೆ ಸೋಂಕೂ ಇಲ್ಲ, ಅಲರ್ಜಿಯೂ ಇಲ್ಲ, ಮೂಗಿನ ಸ್ವಭಾವವೇ ಹಾಗೆ.

ನಿನ್ನ ಕೆಮ್ಮು ಇದರಲ್ಲಿ ಯಾವುದರ ಜೊತೆ ಜೋರಾಗುತ್ತೆ ಅಂತ ಗಮನಿಸು. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಒಂದು ಗುರುತು ಹಾಕು. ಅಮವಾಸ್ಯೆ ಮಾರನೇ ದಿನವೋ, ರಾಶಿ ದಿನವೋ ತಿಳಿದರೆ ಡಾಕ್ಟರಿಗೆ ಹೇಳಲು ನಿನ್ನ ಹತ್ತಿರ ಏನಾದರೂ ಇರುತ್ತೆ. ರಾಶಿಗೆ ಹೋಗುವಾಗ ಮೂಗಿಗೂ ಬಾಯಿಗೂ ಎನ್-95 ಮಾಸ್ಕ್ ಹಾಕು. ಟವೆಲ್ ಸುತ್ತಿಕೊಂಡರೆ ದಪ್ಪ ಹೊಟ್ಟು ತಡೆಯುತ್ತೆ, ಸಣ್ಣ ಸುಂಕು ತಡೆಯೋದಿಲ್ಲ. ಮನೆಗೆ ಬಂದ ಕೂಡಲೇ ತಲೆಗೆ ಸ್ನಾನ ಮಾಡು, ಆ ಬಟ್ಟೆಯಲ್ಲಿ ಹಾಸಿಗೆ ಮೇಲೆ ಕೂರಬೇಡ.

ಈಗ ಮುಖ್ಯ ಮಾತಿಗೆ ಬರ್ತೀನಿ. ಮೂಗು ತೊಳೆಯೋದು.

ಇದು ಹೊಸ ವಿದ್ಯೆಯಲ್ಲ. ಯೋಗದವರು ಜಲನೇತಿ ಅಂತಾರೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಊರೂರಿಗೆ ಹೋಗಿ ಯೋಗ ಶಿಬಿರ ಮಾಡಿದ ಸೀಮೆ ನಮ್ಮದು, ಇಲ್ಲಿ ನೇತಿ ಅಂದರೆ ಯಾರೂ ಗಾಬರಿ ಬೀಳೋದಿಲ್ಲ. ಇವತ್ತು ಕಿವಿ-ಮೂಗು-ಗಂಟಲಿನ ಡಾಕ್ಟರುಗಳೂ ಉಪ್ಪುನೀರಿನಲ್ಲಿ ಮೂಗು ತೊಳಿ ಅಂತಲೇ ಹೇಳೋದು. ಅಂಟಿಕೊಂಡ ಲೋಳೆ, ಅದಕ್ಕೆ ಹತ್ತಿದ ಧೂಳು, ಪರಾಗ ಎಲ್ಲವೂ ನೀರಿನ ಜೊತೆ ಆಚೆ ಬರುತ್ತೆ. ಗಂಟಲಿಗೆ ಇಳಿಯಲು ಆಮೇಲೆ ಉಳಿಯೋದು ಕಡಿಮೆ.

ಕಾಲು ಲೀಟರ್ ನೀರು ತಗೋ. ಅರ್ಧ ಟೀ ಚಮಚಕ್ಕಿಂತ ಕೊಂಚ ಕಡಿಮೆ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಅಯೋಡಿನ್ ಇಲ್ಲದ ಉಪ್ಪು ಸಿಕ್ಕರೆ ಒಳ್ಳೇದು. ನಮ್ಮ ಕಣ್ಣೀರಿನಲ್ಲಿ ಇರುವಷ್ಟು ಉಪ್ಪು, ಅಂದರೆ ನೂರಕ್ಕೆ ಒಂದು ಪಾಲಿಗಿಂತ ಚೂರು ಕಡಿಮೆ, ಇದ್ದರೆ ಮೂಗು ಉರಿಯೋದಿಲ್ಲ. ಬರೀ ನೀರು ಹಾಕಿದರೂ ಉರಿಯುತ್ತೆ, ಉಪ್ಪು ಜಾಸ್ತಿಯಾದರೂ ಉರಿಯುತ್ತೆ. ಈ ಅಳತೆ ಗೋಜು ಬೇಡ ಅಂದರೆ ಮೆಡಿಕಲ್ ಶಾಪಿನಲ್ಲಿ ಅಳತೆ ಮಾಡಿಟ್ಟ ಪುಡಿ ಪ್ಯಾಕೆಟ್ಟೂ, ಹಿಚುಕುವ ಬಾಟಲಿಯೂ ಸಿಗುತ್ತೆ. ನೀರು ಉಗುರುಬೆಚ್ಚಗಿರಲಿ. ಬಚ್ಚಲಲ್ಲಿ ಮುಂದಕ್ಕೆ ಬಾಗು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸು. ಬಾಯಿ ತೆರೆದು ಬಾಯಿಂದಲೇ ಉಸಿರಾಡು. ಮೇಲಿರುವ ಹೊಳ್ಳೆಗೆ ನೇತಿ ಪಾತ್ರೆಯ ಮೂತಿ ಹಚ್ಚಿ ನಿಧಾನಕ್ಕೆ ಬಿಡು. ಕೆಳಗಿನ ಹೊಳ್ಳೆಯಿಂದ ತಾನಾಗಿ ಇಳಿಯುತ್ತೆ. ಮೊದಲ ಸಲ ಗಲಿಬಿಲಿಯಾಗಿ ಸ್ವಲ್ಪ ಗಂಟಲಿಗೆ ಹೋಗುತ್ತೆ, ಉಗುಳಿದರಾಯ್ತು. ನೀರು ಹೋಗುವಾಗ ಮಾತ್ರ ಮೂಗಿಂದ ಉಸಿರು ಎಳೀಬೇಡ, ನುಂಗಲೂಬೇಡ. ಅರ್ಧ ನೀರು ಈ ಕಡೆ, ಅರ್ಧ ಆ ಕಡೆ. ಆಮೇಲೆ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀಟು. ಎರಡೂ ಒತ್ತಿ ಹಿಡಿದು ಜೋರಾಗಿ ಸೀಟಿದರೆ ನೀರು ಕಿವಿ ಕಡೆ ನುಗ್ಗುತ್ತೆ. ದಿನಕ್ಕೆ ಒಂದು ಸಲ ಸಾಕು, ಧೂಳಿನ ದಿನ ಎರಡು. ಮಲಗುವ ಹೊತ್ತಿಗೆ ಸರಿಯಾಗಿ ಮಾಡಬೇಡ, ಒಂದು ತಾಸು ಮುಂಚೆ ಮುಗಿಸು, ಒಳಗೆ ನಿಂತ ನೀರು ಇಳಿಯಲಿ. ಮೂಗು ಪೂರ್ತಿ ಕಟ್ಟಿದ್ದಾಗ, ಕಿವಿನೋವು ಇದ್ದಾಗ, ಮೂಗಿನ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳದೆ ಮಾಡೋದು ಬೇಡ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಆ ನೀರು ಮಳ್ಳಿಸಿ ಆರಿಸಿದ್ದೇ ಆಗಿರಬೇಕು. ಕೊತಕೊತ ಕುದಿಯಲು ಶುರುವಾದ ಮೇಲೆ ಇನ್ನೂ ಒಂದು ನಿಮಿಷ ಬಿಡು, ಮುಚ್ಚಿಟ್ಟು ಆರಿಸು. ಹೊಳೆ ನೀರು, ಬೋರ್ ನೀರು, ನಲ್ಲಿ ನೀರು, ಫಿಲ್ಟರ್ ನೀರು ಯಾವುದನ್ನೂ ಹಾಗೇ ಮೂಗಿಗೆ ಬಿಡಬೇಡ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಒಂದು ಅಮೀಬಾ ಇದೆ, ನೆಗ್ಲೇರಿಯಾ ಫೌಲೆರಿ ಅಂತ ಅದರ ಹೆಸರು. ಅದೇ ನೀರನ್ನು ಕುಡಿದರೆ ಅದು ಏನೂ ಮಾಡೋದಿಲ್ಲ. ಮೂಗಿನಿಂದ ಹೋದರೆ ವಾಸನೆಯ ನರ ಹಿಡಿದು ಮಿದುಳಿಗೆ ಏರುತ್ತೆ, ಅಲ್ಲಿಂದ ಉಳಿದು ಬಂದವರು ಬಹಳ ಕಡಿಮೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನೇತಿ ಪಾತ್ರೆಗೆ ನಲ್ಲಿ ನೀರು ಹಾಕಿಕೊಂಡ ಇಬ್ಬರು ಹೀಗೇ ಸತ್ತರು. ನಮ್ಮ ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾ ಮಿದುಳು ಜ್ವರದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಬಂತು ನೋಡಿದ್ದೀಯ. ನಮ್ಮ ತುಂಗಭದ್ರೆಯಲ್ಲಿ ಅದು ಇದೆ ಅಂತ ಹೆದರಿಸ್ತಾ ಇಲ್ಲ. ಅಮವಾಸ್ಯೆ ದಿನ ಸಾವಿರಾರು ಜನ ಮುಳುಗಿ ಏಳುವ, ಬಟ್ಟೆ ಬಿಡುವ ಹೊಳೆ ಅದು. ತಲೆ ಮೇಲೆ ಪ್ರೋಕ್ಷಣೆ ಮಾಡಿಕೋ, ಕೈಮುಗಿ, ಮೂಗಿಗೆ ಮಾತ್ರ ಏರಿಸಿಕೊಳ್ಳಬೇಡ. ಪಾತ್ರೆಯನ್ನೂ ಅಷ್ಟೇ, ದಿನಾ ಬಿಸಿನೀರಲ್ಲಿ ತೊಳೆದು ಬೋರಲು ಹಾಕಿ ಒಣಗಿಸು.

ಅಲರ್ಜಿಯ ಮೂಗಾದರೆ ಬರೀ ತೊಳೆಯೋದರಿಂದ ಮುಗಿಯೋದಿಲ್ಲ. ಡಾಕ್ಟರು ಫ್ಲೂಟಿಕಾಸೋನ್, ಮೊಮೆಟಾಸೋನ್ ಥರದ ಸ್ಪ್ರೇ ಬರೆದುಕೊಡ್ತಾರೆ. ಸ್ಟೆರಾಯ್ಡ್ ಅನ್ನೋ ಪದ ಕೇಳಿ ಹೆದರಿ ಮೂಲೆಗಿಡುವವರೇ ಜಾಸ್ತಿ. ಅದು ಮೂಗಿನ ಪೊರೆಯ ಮೇಲೆ ಕೆಲಸ ಮಾಡುವ ಅತಿ ಸಣ್ಣ ಪ್ರಮಾಣ, ಮಾತ್ರೆ ನುಂಗಿದ ಹಾಗಲ್ಲ. ಇನ್ನು ಕೆಲವರು ಎರಡು ದಿನ ಹೊಡೆದುಕೊಂಡು ಪ್ರಯೋಜನ ಇಲ್ಲ ಅಂತ ಬಿಸಾಡ್ತಾರೆ. ಅದರ ಪೂರ್ತಿ ಗುಣ ಕಾಣೋದಕ್ಕೆ ಒಂದೆರಡು ವಾರ ಬೇಕು, ದಿನಾ ತಪ್ಪದೆ ಹಾಕಬೇಕು. ಹೊಡೆಯುವ ರೀತಿಯೂ ಇದೆ. ಮೂಗು ತೊಳೆದ ಮೇಲೆ, ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಆಗ ಮೂತಿ ತಾನಾಗಿ ಹೊರಗೋಡೆ ಕಡೆ ತಿರುಗುತ್ತೆ. ನಡುವಿನ ಗೋಡೆಗೆ ಹೊಡೆದುಕೊಂಡರೆ ರಕ್ತ ಬರುತ್ತೆ. ಸ್ಪ್ರೇ ಮಾಡಿ ಸರ್ ಅಂತ ಮೇಲಕ್ಕೆ ಎಳೆದುಕೊಂಡರೆ ಔಷಧಿಯೆಲ್ಲ ಗಂಟಲಿಗೆ ಹೋಗಿ ದುಡ್ಡು ದಂಡ.

ಮೂಗು ಬಿಡಿಸುವ ಹನಿಯ ವಿಷಯ ಬೇರೆ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಹಾಕಿದ ಕ್ಷಣ ಮೂಗು ಬಿಟ್ಟುಕೊಳ್ಳುತ್ತೆ, ಹಾಯ್ ಅನ್ನಿಸುತ್ತೆ. ಮೂರು ದಿನ, ಹೆಚ್ಚೆಂದರೆ ಐದು. ಅದಕ್ಕಿಂತ ಮುಂದೆ ಹೋದರೆ ಹನಿ ಬಿಟ್ಟಾಗಲೆಲ್ಲ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತೆ, ಅದಕ್ಕೆ ಮತ್ತೆ ಹನಿ. ವರ್ಷಗಟ್ಟಲೆ ಜೇಬಿನಲ್ಲಿ ಆ ಬಾಟಲಿ ಇಟ್ಟುಕೊಂಡು ತಿರುಗುವವರನ್ನು ಕಿಟಕಿ ಹಿಂದಿನಿಂದ ಬೇಕಾದಷ್ಟು ನೋಡಿದ್ದೀನಿ. ನೆಗಡಿ ಮಾತ್ರೆಯೂ ಹಾಗೇ. ಹಳೇ ಸಿಪಿಎಂ, ಅಂದರೆ ಕ್ಲೋರ್‌ಫೆನಿರಮಿನ್ ಮಾತ್ರೆ ಸೋರಿಕೆ ಒಣಗಿಸುತ್ತೆ ನಿಜ, ನಿದ್ದೆಯನ್ನೂ ತರುತ್ತೆ. ಅದನ್ನು ನುಂಗಿ ಟ್ರ್ಯಾಕ್ಟರ್ ಹತ್ತಬೇಡ. ಪ್ರಾಸ್ಟೇಟ್ ತೊಂದರೆ ಇರುವ, ಕಣ್ಣಿನ ಒತ್ತಡ ಇರುವ ವಯಸ್ಸಾದವರಿಗೆ ನಿನ್ನ ಮಾತ್ರೆ ಮುರಿದು ಕೊಡಬೇಡ. ಸಿಟ್ರಿಜಿನ್ ಜಾತಿಯದು ಮಂಪರು ಕಡಿಮೆ, ಅಲರ್ಜಿ ಇದ್ದವರಿಗೆ ಸರಿ.

ಸಿಂಬಳ ಹಳದಿ, ಹಸಿರು ಬಣ್ಣಕ್ಕೆ ತಿರುಗಿತು ಅಂದ ಮಾತ್ರಕ್ಕೆ ಆಂಟಿಬಯೋಟಿಕ್ ಕೇಳಿಕೊಂಡು ಹೋಗಬೇಡ. ಮಾಮೂಲಿ ನೆಗಡಿಯಲ್ಲೂ ಆ ಬಣ್ಣ ಬರುತ್ತೆ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇನ್ನೇನು ವಾಸಿ ಆಯ್ತು ಅನ್ನುವಾಗ ಜ್ವರ, ಕೆನ್ನೆ ಹಣೆ ನೋವಿನ ಜೊತೆ ಮತ್ತೆ ಏರಿದರೆ ಆಗ ತೋರಿಸು.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅದಕ್ಕೇ ಹೇಳ್ತೀನಿ. ನಿನ್ನ ಸಿರಪ್ಪಿನಲ್ಲಿ ಅರ್ಧ ಮುಚ್ಚಳ ಮಗುವಿಗೆ ಹಾಕುವ ಅಭ್ಯಾಸ ಮನೆಯಲ್ಲಿ ಇದ್ದರೆ ಬಿಡಿಸು. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಎರಡೂ ಸೇರಿದ ನೆಗಡಿ ಸಿರಪ್ಪನ್ನು ನಾಲ್ಕು ವರ್ಷದ ಒಳಗಿನವರಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಎಳೇ ಮಕ್ಕಳು ಕಿಡ್ನಿ ಕೆಟ್ಟು ಸತ್ತದ್ದು ನೆನಪಿರಲಿ. ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಗೊಣ್ಣೆ ಸುರೀತಾ ಇದ್ದರೆ ಅದು ನೆಗಡಿಯಲ್ಲ, ಹುಣಸೆ ಬೀಜವನ್ನೋ ಕಡಲೆಯನ್ನೋ ತುರುಕಿಕೊಂಡಿರುತ್ತೆ. ನೀನು ಪಿನ್ನು ಹಾಕಿ ತೆಗೆಯಲು ಹೋಗಬೇಡ.

ನಮ್ಮ ಕಷಾಯ ಬೇಡವೇ ಅಂತ ನಿಮ್ಮವ್ವ ಮುನಿಸಿಕೊಂಡಾಳು. ಧಾರಾಳವಾಗಿ ಕುಡಿ. ಶುಂಠಿ, ಮೆಣಸು, ಜೀರಿಗೆ, ದೊಡ್ಡಪತ್ರೆ ಎಲೆ, ಬೆಲ್ಲ ಹಾಕಿದ ಬಿಸಿ ನೀರು ಗಂಟಲಿಗೆ ಹಿತ, ಲೋಳೆಯೂ ತೆಳ್ಳಗಾಗುತ್ತೆ. ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಕೆಮ್ಮಿನ ಸಿರಪ್ಪಿಗೇನೂ ಕಮ್ಮಿಯಲ್ಲ. ಆದರೆ ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಹಾಲು ಕುಡಿದರೆ ಕಫ ಅನ್ನೋ ಮಾತಿಗೆ ಪರೀಕ್ಷೆಯಲ್ಲಿ ಆಧಾರ ಸಿಕ್ಕಿಲ್ಲ. ಬಾಯಲ್ಲಿ ಮಂದ ಅನ್ನಿಸುತ್ತೆ, ಅಷ್ಟೇ. ಅರಿಶಿನದ ಹಾಲು ನಿಲ್ಲಿಸಬೇಕಿಲ್ಲ. ಹಬೆ ತಗೊಂಡರೆ ಆ ಹೊತ್ತಿಗೆ ಹಗುರ ಅನ್ನಿಸಬಹುದು, ಅದರಿಂದ ಗುಣವಾಗೋದಿಲ್ಲ. ಮಕ್ಕಳನ್ನಂತೂ ಕಂಬಳಿ ಮುಚ್ಚಿ ಕುದಿಯುವ ಪಾತ್ರೆ ಮುಂದೆ ಕೂರಿಸಬೇಡಿ, ಪಾತ್ರೆ ಮಗುಚಿ ಮೈ ಸುಟ್ಟುಕೊಂಡು ಬರುವವರನ್ನು ನೋಡಲಾಗೋದಿಲ್ಲ.

ಖ್ಯಾಕರಿಸೋದನ್ನು ಕಡಿಮೆ ಮಾಡು. ಪ್ರತಿ ಸಲ ಖ್ಯಾಕರಿಸಿದಾಗ ಗಂಟಲು ಕೆರೆದಂತಾಗಿ ಇನ್ನಷ್ಟು ಕೆಮ್ಮು ಬರುತ್ತೆ. ಹಾಗನ್ನಿಸಿದಾಗ ಒಂದು ಗುಟುಕು ನೀರು ಕುಡಿದು ನುಂಗು. ಅಂಗಡಿಯಲ್ಲಿ ಒಂದು ಫ್ಲಾಸ್ಕ್ ಬಿಸಿನೀರು ಇಟ್ಟುಕೋ. ಮಲಗುವಾಗ ತಲೆ ಕಡೆಯ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಸ್ವಲ್ಪ ಎತ್ತರಿಸು. ಇದರಿಂದ ಹೊಟ್ಟೆಯ ಹುಳಿ ಮೇಲೇರೋದೂ ಕಡಿಮೆಯಾಗುತ್ತೆ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಹಾಗೇ ಅಡ್ಡಾಗೋದು ದಾವಣಗೆರೆ ಸೀಮೆಯ ನಮ್ಮೆಲ್ಲರ ಚಟ. ಮಂಡಕ್ಕಿ ಮಿರ್ಚಿ ಬಿಡು ಅಂತ ಹೇಳುವಷ್ಟು ಕಟುಕ ನಾನಲ್ಲ, ಸಂಜೆ ಆರಕ್ಕೆ ತಿನ್ನು. ಊಟಕ್ಕೂ ಹಾಸಿಗೆಗೂ ಎರಡು ಮೂರು ತಾಸು ಅಂತರ ಇರಲಿ. ಬೀಡಿ ಬಗ್ಗೆ ನಾನೇನೂ ಹೇಳೋದಿಲ್ಲ, ಬೀಡಿ ಸೇದುತ್ತಾ ಕೆಮ್ಮಿಗೆ ಮದ್ದು ಕೇಳುವವನ ಜೊತೆ ಮಾತು ದಂಡ.

ನಾನು ಹೇಳಿದ್ದನ್ನು ಮಾಡ್ತಾ ಕೂತು ಬೇರೆ ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳಬೇಡ. ಎರಡು ವಾರ ಮೀರಿದ ಕೆಮ್ಮು ಯಾರಿಗಿದ್ದರೂ ಕಫ ಪರೀಕ್ಷೆ ಮಾಡಿಸಬೇಕು ಅನ್ನೋದು ನಮ್ಮ ದೇಶದ ಕ್ಷಯರೋಗ ಕಾರ್ಯಕ್ರಮದ ನಿಯಮ. ನಿನಗೆ ಎಕ್ಸ್‌ರೇ ಆಗಿದೆ, ಕಫ ಕೊಟ್ಟಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಡಬ್ಬಿ ಕೊಡ್ತಾರೆ, ಒಂದು ಪೈಸೆ ಖರ್ಚಿಲ್ಲ. ಟಿಬಿ ಇದ್ದರೂ ಔಷಧಿ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಿದ್ದಾರೆ. ಮುಚ್ಚಿಡುವ ಕಾಯಿಲೆಯಲ್ಲ ಅದು. ಕಫದಲ್ಲಿ ರಕ್ತ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಏದುಸಿರು, ಎದೆಯಲ್ಲಿ ಸೀಟಿ ಹೊಡೆದ ಶಬ್ದ, ಮೂರು ವಾರ ದಾಟಿದ ಗೊಗ್ಗರು ದನಿ, ಕಣ್ಣಿನ ಸುತ್ತ ಊತ, ಒಂದೇ ಹೊಳ್ಳೆ ಕಟ್ಟಿ ರಕ್ತ ಬರೋದು: ಇದರಲ್ಲಿ ಯಾವುದೇ ಒಂದು ಕಂಡರೂ ಮೂಗು ತೊಳೀತಾ ಕಾಯಬೇಡ. ಹರಿಹರದ ಸರ್ಕಾರಿ ಆಸ್ಪತ್ರೆಗೆ ಹೋಗು, ಅಲ್ಲಿಂದ ಬೇಕಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕಳಿಸ್ತಾರೆ. ಮಳೆಗಾಲದಲ್ಲಿ ಹೊಳೆ ಏರಿ ಫತ್ತೇಪುರದ ರಸ್ತೆ ಮುಳುಗೋದು ಮಾಮೂಲಿ, ಅಷ್ಟರವರೆಗೆ ಮುಂದೂಡಬೇಡ. ಅಜ್ಜಯ್ಯನಿಗೆ ಹರಕೆ ಹೊತ್ತಿದ್ದೀಯ ಅಂತ ಕೇಳಿದೆ. ಬಹಳ ಒಳ್ಳೇದು, ತೀರಿಸು. ಕಫದ ಡಬ್ಬಿಯನ್ನೂ ಕೊಟ್ಟು ಬಾ.

ಇನ್ನೊಂದು, ನಿಮ್ಮವ್ವನಿಗೂ ಒಣಕೆಮ್ಮು ಅಂತ ಹೇಳ್ತಿದ್ದೆಯಲ್ಲ, ಅವಳದ್ದು ನಿನ್ನ ಥರದ್ದಲ್ಲದಿರಬಹುದು. ಅವಳು ಬಿಪಿಗೆ ನುಂಗುವ ಮಾತ್ರೆಯ ಚೀಟಿ ನೋಡು. ಎನಾಲಪ್ರಿಲ್, ರಾಮಿಪ್ರಿಲ್, ಹೀಗೆ ಪ್ರಿಲ್ ಅಂತ ಹೆಸರು ಮುಗಿಯುವ ಮಾತ್ರೆಗಳು ಕೆಲವರಿಗೆ ಗಂಟಲು ಕೆರೆದು ಒಣಕೆಮ್ಮು ತರಿಸುತ್ತವೆ. ಮಾತ್ರೆ ಬದಲಿಸಿದರೆ ಕೆಲವು ವಾರದಲ್ಲಿ ಹೋಗುತ್ತೆ. ನೀನಾಗಿ ನಿಲ್ಲಿಸಿಬಿಡಬೇಡ, ಬಿಪಿ ಏರಿದರೆ ಇನ್ನೊಂದು ರಾದ್ಧಾಂತ. ಅಮವಾಸ್ಯೆ ಗದ್ದಲ ಮುಗಿದ ಮೇಲೆ ಅವಳನ್ನೂ ಕರಕೊಂಡು ಹರಿಹರಕ್ಕೆ ಬಾ. ಸಿರಪ್ ಬಾಟಲಿಗಳನ್ನು ಹೊತ್ತು ತರಬೇಡ, ಆ ಮಾತ್ರೆ ಚೀಟಿ ಮತ್ತು ನೀನು ಗುರುತು ಹಾಕಿದ ಕ್ಯಾಲೆಂಡರ್ ಹಾಳೆ ತಂದರೆ ಸಾಕು.